ಎಡ ತಿರುವಿನಲ್ಲಿ ನಿಲ್ಲುವ ಕಾರು

ಕೋದಂಡ ಬೇಕಂತಲೇ ಕಾರು ನಿಲ್ಲಿಸಿದ ಎಂದೇ ನಾನು ತಿಳಿದೆ.

ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಿಂದ ಬಂಗಾರಪೇಟೆಗೆ ವಾಪಸು ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ನಾನು, ನನ್ನ ಪಕ್ಕದಲ್ಲಿ ಪಾಪಕ್ಕತ್ತೆ. ಅವಳು ಅಪ್ಪನ ಅಕ್ಕ, ಅಮ್ಮ ಇಲ್ಲದ ನನ್ನನ್ನು ಸಾಕಿದವಳು. ತೊಡೆಯ ಮೇಲೆ ಕುಂಬಳಕಾಯಿ ಇಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದಳು. ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಪುಡಿಮಣ್ಣಿನ ಸೈನೇಡ್ ದಿಬ್ಬ ಬೆಳ್ಳಗೆ ಕಾಣುವ ಜಾಗದಲ್ಲಿ ರಸ್ತೆ ಎಡಕ್ಕೆ ತಿರುಗುತ್ತದಲ್ಲ, ಅಲ್ಲಿ ಇಂಜಿನ್ನು ಮಾತು ಮರೆತವರ ಹಾಗೆ ಸುಮ್ಮನಾಯಿತು.

ಕೋದಂಡ ಇಳಿದ. ಬಾನೆಟ್ಟು ಎತ್ತಿ ನೋಡಿ ಇಳಿಸಿದ. ಹ್ಯಾಂಡಲ್ ಹಾಕಿ ತಿರುಗಿಸಿದ. ಒಂದೇ ಸುತ್ತಿಗೆ ಇಂಜಿನ್ನು ಶುರುವಾಯಿತು.

"ಒಂದೇ ಸುತ್ತಿಗೆ ಏಳೋದು ಯಾಕೆ ಮಲಗ್ತು?" ಎಂದೆ.

"ಅದುನ್ನೇ ನೋಡ್ತಾ ಇವ್ನಿ."

"ನೋಡ್ತಾ ಇರೋದು ಕಾರನ್ನೋ, ಇಂದ್ಲ ಸೀಟನ್ನೋ?"

ಅವನ ಕಿವಿ ಕೆಂಪಾಯಿತು. ಹಿಂದೆ ಕೂತವಳಿಗೆ ಡ್ರೈವರಿನ ಕಿವಿ ಮತ್ತು ಕತ್ತು ಬಿಟ್ಟರೆ ಬೇರೇನು ಕಾಣುತ್ತದೆ? ಆ ಎರಡನ್ನೇ ನೋಡಿಕೊಂಡು ನಾನು ಎರಡು ವರ್ಷ ಕಳೆದಿದ್ದೆ.

ಕೋದಂಡ ನನ್ನ ಅಮ್ಮನ ದೊಡ್ಡಪ್ಪನ ಮೊಮ್ಮಗ, ವರಸೆಯಲ್ಲಿ ನನಗೆ ಬಾವ. ಬಾವನನ್ನು ರೇಗಿಸಲು ನಮ್ಮ ಕಡೆ ಯಾರ ಅಪ್ಪಣೆಯೂ ಬೇಡ. ತೊಂದರೆ ಇದ್ದದ್ದೇ ಅಲ್ಲಿ. ನಾನು ಮನಸ್ಸಿನಿಂದ ಹೇಳಿದ್ದನ್ನೂ ತಮಾಷೆ ಎಂದುಕೊಂಡು ಮನೆಮಂದಿಯೆಲ್ಲ ನಗುತ್ತಿದ್ದರು.

ಆದರೆ ಕಾರು ಬೇಕಂತ ನಿಂತದ್ದಲ್ಲ. ಮಾರನೆಯ ದಿನ ಅದು ಬಾಡಿಗೆ ಜನರನ್ನು ಕೂರಿಸಿಕೊಂಡು ನಿಂತಿತು. ಆಮೇಲೆ ಮಾರಿಕುಪ್ಪಂ ರೈಲು ಹಿಡಿಯಬೇಕಿದ್ದ ಮದುವೆ ಗಂಡನ್ನೇ ಕೂರಿಸಿಕೊಂಡು ನಿಂತಿತು. ಆ ಗಂಡಿನ ಕಡೆಯವರು ನಮ್ಮ ಮನೆ ಬಾಗಿಲಿಗೆ ಬಂದು ಆಡಿದ ಮಾತುಗಳನ್ನು ಅಪ್ಪ ತಲೆ ತಗ್ಗಿಸಿಕೊಂಡು ಕೇಳಿದ.

ಅಪ್ಪ, ರಾಮಚಂದ್ರಪ್ಪ, ಹೊಲದ ಮನುಷ್ಯ. ಗಣಿಯ ಇಂಗ್ಲಿಷ್ ದೊರೆಯೊಬ್ಬರು ತಮ್ಮ ಸೀಮೆಗೆ ಹೊರಟಾಗ ಬಿಟ್ಟುಹೋದ ಆ ಹಳೇ ಕಾರನ್ನು ಆಸೆಪಟ್ಟು ತಂದು ಬಾಡಿಗೆಗೆ ಬಿಟ್ಟಿದ್ದ. ಅವನು ಮರ್ಯಾದೆಗೆ ಅಂಜುವವನು.

"ಸೋಮವಾರ ಬೆಂಗ್ಳೂರಿಂದ ಗುಜರಿಯೋನು ಬತ್ತಾನೆ," ಎಂದ. "ಅಷ್ಟ್ರೊಳಗೆ ರೋಗ ಏನು ಅಂತ ಪತ್ತೆ ಮಾಡಿದ್ರೆ ಕಾರು ಇರ್ತದೆ. ಇಲ್ದಿದ್ರೆ ಇಲ್ಲ."

"ಆಗ್ಲಿ ಮಾವ," ಎಂದ ಕೋದಂಡ. "ಕಾರು ಓದ್ರೆ ನಾನು ಗಣಿಗೆ ಸೇರ್ಕೊತೀನಿ. ಚಾಂಪಿಯನ್ ರೀಫ್ಸಲ್ಲಿ ಒಳಗಿಳಿಯೋ ಕೆಲ್ಸಕ್ಕೆ ಕರೀತಾವ್ರೆ."

ಅವನು ಅದನ್ನು ಸಲೀಸಾಗಿ ಹೇಳಿಬಿಟ್ಟ. ಅವನಪ್ಪ ಸೊಣ್ಣಪ್ಪ ಮಾವ ಹದಿನೈದು ವರ್ಷ ಅದೇ ಗಣಿಯೊಳಗೆ ಇಳಿದವರು. ಅವರ ಕೆಮ್ಮು ಎರಡು ಮನೆಯಾಚೆಗೂ ಕೇಳುತ್ತಿತ್ತು, ಒಂದು ದಿನ ಕೇಳುವುದು ನಿಂತಿತು. ಕೋದಂಡ ಆ ದಾರಿ ಹಿಡಿಯಬಾರದು. ನನಗೆ ಬೇಕಾಗಿದ್ದದ್ದು ಅಷ್ಟೇ.

ಶನಿವಾರ ಕೋದಂಡ ಸ್ಟೇಷನ್ನಿನ ಹಿಂದಿನ ಬಯಲಿಗೆ ಕಾರು ಒಯ್ದ. ನಾನೂ ಪಾಪಕ್ಕತ್ತೆಯೂ ಬುತ್ತಿ ಹೊತ್ತು ಹೋದೆವು. ಮಡ್‌ಗಾರ್ಡಿನ ಮೇಲೆ ಅವನು ಸೀಮೆಸುಣ್ಣದಲ್ಲಿ ಗೀಟು ಎಳೆದಿದ್ದ.

"ಇದೇನು ಬಾವ, ಅಗಸನ ಗುರುತಾ?"

"ನಿಂತಾಗೆಲ್ಲ ಒಂದೊಂದು ಗೀಟು. ಒಂಬತ್ತು ಸಲ ನಿಂತದೆ. ಒಂಬತ್ತೂ ಎಡಕ್ಕೆ ತಿರುಗೋವಾಗ."

"ಎಡಕ್ಕೆ ನಿನ್ನ ಮಾವನ ಮನೆ ಐತೇನೋ."

"ಮಾವನ ಮನೆ ಎಲ್ಲೈತೆ ಅಂತ ನಂಗೊತ್ತು," ಎಂದು ಅವನು ತಲೆಯೆತ್ತಿ ನೋಡಿದ. ನೋಟ ಬೇಕಾದ್ದಕ್ಕಿಂತ ಒಂದು ಉಸಿರು ಜಾಸ್ತಿ ನಿಂತಿತು. ನಾನು ಬುತ್ತಿಯ ಗಂಟು ಬಿಚ್ಚುವ ಕೆಲಸ ಹಚ್ಚಿಕೊಂಡೆ.

ಪ್ಲಗ್ಗುಗಳನ್ನು ಬಿಚ್ಚಿ ಉಜ್ಜಿ ಹಾಕಿದ. ಎಡಕ್ಕೆ ಸುತ್ತಿದ, ನಿಂತಿತು. ಪೆಟ್ರೋಲಿನ ಕೊಳವೆ ಊದಿ ಹಾಕಿದ. ಎಡಕ್ಕೆ ಸುತ್ತಿದ, ನಿಂತಿತು. ಒಂದು ಸಲಕ್ಕೆ ಒಂದನ್ನೇ ಮುಟ್ಟುತ್ತಿದ್ದ, ಮುಟ್ಟಿದ್ದನ್ನು ಪರೀಕ್ಷೆ ಮಾಡದೆ ಇನ್ನೊಂದಕ್ಕೆ ಕೈ ಹಾಕುತ್ತಿರಲಿಲ್ಲ. ನನಗೆ ಆ ನಿಧಾನ ಕಂಡರೆ ಸಿಟ್ಟು, ಪ್ರೀತಿ ಎರಡೂ. ಕೊನೆಗೆ ಇಂಜಿನ್ನಿನ ಹತ್ತಿರದಿಂದ ಸ್ವಿಚ್ಚಿನ ವೈರೊಂದನ್ನು ಕಳಚಿ ಪಕ್ಕಕ್ಕೆ ಕಟ್ಟಿದ. ಎಡಕ್ಕೆ ಸುತ್ತಿದ. ಕಾರು ನಿಲ್ಲಲಿಲ್ಲ. ಹತ್ತು ಸುತ್ತು, ಇಪ್ಪತ್ತು ಸುತ್ತು.

"ನಿಲ್ಸೋ ಮಾರಾಯಾ, ನೋಡೋರ್ಗೆ ತಲೆ ಸುತ್ತೈತೆ!" ಎಂದು ಅತ್ತೆ ಕೂಗಿದಳು.

ಸ್ವಿಚ್ಚು ಇಲ್ಲದ್ದರಿಂದ ಗೇರಿನಲ್ಲೇ ಬ್ರೇಕು ತುಳಿದು ನಿಲ್ಲಿಸಬೇಕಾಯಿತು. ಕಾರು ಕೆಮ್ಮಿ ನಿಂತಿತು. ಅವನು ನಗುತ್ತಾ ಇಳಿದು ಬಂದ. ಮೂಗಿನ ಮೇಲಿನ ಮಸಿಯನ್ನು ಮಸಿ ಕೈಯಿಂದಲೇ ಒರೆಸಿಕೊಂಡ. ಅದನ್ನು ನನ್ನ ಸೆರಗಿನಿಂದ ಒರೆಸಬೇಕೆಂದು ಕೈ ಮುಂದಾಯಿತು, ಅತ್ತೆ ಇದ್ದಾಳೆಂದು ಹಿಂದಾಯಿತು.

"ಸಿಕ್ತು ನಾರಾಣಿ! ಈ ಇಂಜಿನ್ನಿಗೆ ಬೇಕಾದ ಕರೆಂಟ್ನ ಮ್ಯಾಗ್ನೆಟೋ ಅಂತ ಒಂದೈತೆ, ಅದೇ ಉಟ್ಟುಸ್ತದೆ. ಸ್ವಿಚ್ಚಿನ ಕೆಲ್ಸ ಆರ್ಸೋದು ಮಾತ್ರ. ಸ್ವಿಚ್ಚು ತಿರುಗ್ಸಿದ್ರೆ ಆ ಕರೆಂಟು ಕಾರಿನ ಕಬ್ಬಿಣಕ್ಕೆ ಓಗ್ಬುಡ್ತದೆ, ಇಂಜಿನ್ನು ಆರ್ತದೆ. ಎಡಕ್ಕೆ ತಿರುಗ್ದಾಗ ಯಾರೂ ಮುಟ್ದೇನೆ ಆ ಕೆಲ್ಸ ಆಯ್ತಾ ಐತೆ. ಸ್ವಿಚ್ಚಿನ ಇಂದೆ ಏನೋ ಒಂದು ಅಳ್ಳಾಡ್ಕೊಂಡು ತಗುಲ್ತಾ ಐತೆ. ಈಗ ಕತ್ಲಾಯ್ತು, ಬೆಳಿಗ್ಗೆ ಬಿಚ್ಚಿ ನೋಡ್ತೀನಿ."

ಸ್ವಿಚ್ಚಿನ ಹಿಂದೆ.

ಅಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು.

ಸಂಕ್ರಾಂತಿಯ ಹೊತ್ತಿಗೆ ಮಂಜಿನಲ್ಲಿ ದೀಪವಿಲ್ಲದ ಎತ್ತಿನ ಗಾಡಿಯೊಂದು ಎದುರಾಗಿ, ಕೋದಂಡ ಕಾರನ್ನು ಹಳ್ಳಕ್ಕಿಳಿಸಿ ಹಣೆ ಒಡೆದುಕೊಂಡಿದ್ದ. ಆ ವಾರವೇ ನಾನು ಬೂದಿಕೋಟೆ ರಸ್ತೆಯಲ್ಲಿ ಮಂತ್ರ ಹಾಕುವ ಅಮ್ಮಾಜಮ್ಮನ ಹತ್ತಿರ ಹೋಗಿ ತಾಯಿತ ಮಾಡಿಸಿಕೊಂಡು ಬಂದಿದ್ದೆ. ಬೆರಳುದ್ದದ ತಾಮ್ರದ ತಾಯಿತ, ಕರಿದಾರ. ಮದುವೆಯಾಗದ ಹುಡುಗಿ ಗಂಡಸಿನ ತೋಳಿಗೆ ತಾಯಿತ ಕಟ್ಟಿದರೆ ಊರು ಸುಮ್ಮನಿರುತ್ತದೆಯೇ? ಅದಕ್ಕೇ ಕಾರಿನೊಳಗೆ, ಅವನ ಮೊಣಕಾಲಿಗೆ ಹತ್ತಿರವಾಗಿ, ಸ್ವಿಚ್ಚಿನ ಹಲಗೆಯ ಹಿಂದೆ ಯಾರಿಗೂ ಕಾಣದ ಹಾಗೆ ಕೈ ತೂರಿಸಿ ಕಟ್ಟಿದ್ದೆ. ದಾರ ಬರಬರುತ್ತಾ ಸಡಿಲಾಗಿ ಜೋತುಬಿದ್ದಿರಬೇಕು. ಅವನನ್ನು ಕಾಯಲೆಂದು ಕಟ್ಟಿದ್ದು ಅವನ ಅನ್ನಕ್ಕೇ ಕಲ್ಲು ಹಾಕುತ್ತಿತ್ತು.

ಹೇಳಿಬಿಡಬೇಕಿತ್ತು. ನಾಚಿಕೆ ಬಾಯಿ ಕಟ್ಟಿತು. ಭಾನುವಾರ ಬೆಳಕು ಹರಿಯುತ್ತಲೇ ಕಸ ಗುಡಿಸುವ ನೆಪದಲ್ಲಿ ಹೋಗಿ ತಾಯಿತ ಬಿಚ್ಚಿ ಸೆರಗಿನಲ್ಲಿ ಗಂಟು ಹಾಕಿಕೊಂಡೆ. ಇನ್ನು ಕಾರು ನಿಲ್ಲುವುದಿಲ್ಲ, ಎಲ್ಲರೂ ಸುಖವಾಗಿರುತ್ತಾರೆ ಎಂದು ನನ್ನ ಎಣಿಕೆ.

ಕೋದಂಡ ಹಲಗೆ ಬಿಚ್ಚಿದ. ಹಿಂದೆ ಏನೂ ಇರಲಿಲ್ಲ. ವೈರು ಮತ್ತೆ ಜೋಡಿಸಿ ಎಡಕ್ಕೆ ಸುತ್ತಿದ, ಕಾರು ನಿಲ್ಲಲಿಲ್ಲ. ಅಪ್ಪನ ಮುಖ ಅರಳಿತು. ಕೋದಂಡನ ಮುಖ ಮಾತ್ರ ಬಾಡಿತು.

"ಸರಿ ಓಯ್ತಲ್ಲಾ!" ಎಂದ ಅಪ್ಪ.

"ಇಲ್ಲ ಮಾವ. ನಾನು ಏನೂ ಸರಿ ಮಾಡಿಲ್ಲ. ತಾನಾಗೇ ಓಗಿರೋದು ತಾನಾಗೇ ಬತ್ತದೆ. ನಾಳೆ ರೈಲ್ವೇ ಗೇಟಿನ ನಡುವೆ ನಿಂತ್ರೆ?"

"ಆ ವೈರು ಬಿಚ್ಚಾಕಿ ಓಡ್ಸು ಮತ್ತೆ."

"ಬೆಂಕಿ ಇಡ್ಕೊಂಡ್ರೆ ಇಂಜಿನ್ನು ಆರ್ಸೋದು ಎಂಗೆ? ಕಾರಣ ಗೊತ್ತಾಗ್ದೆ ನಾನು ಇದ್ರಲ್ಲಿ ಜನನ್ನ ಕೂರ್ಸಲ್ಲ ಮಾವ. ಗುಜರಿಗೇ ಕೊಟ್ಬುಡಿ. ನಾನು ನಾಳೆ ಚಾಂಪಿಯನ್ ರೀಫ್ಸಿಗೆ ಓಗಿ ಎಸ್ರು ಬರುಸ್ತೀನಿ."

ಹ್ಯಾಂಡಲನ್ನು ಜಗಲಿಯ ಮೇಲೆ ಇಟ್ಟ. ಒಂದು ಸಲ ನನ್ನ ಕಡೆ ನೋಡಿದ. ಆ ನೋಟದಲ್ಲಿ ರೇಗಿಸುವುದು ಏನೂ ಇರಲಿಲ್ಲ, ಬರೀ ಸೋಲು ಇತ್ತು. ಹಗಲೆಲ್ಲ ಬೆವರು ಸುರಿಸಿ ಅವನು ಹುಡುಕಿದ್ದ ಉತ್ತರವನ್ನು ನಾನು ಕದ್ದು ಸೆರಗಿಗೆ ಕಟ್ಟಿಕೊಂಡಿದ್ದೆ. ನಾಚಿಕೆ ನನಗೆ, ಶಿಕ್ಷೆ ಅವನಿಗೆ. ಇದ್ಯಾವ ನ್ಯಾಯ?

"ಕಾರಣ ನಂಗೊತ್ತು," ಎಂದೆ.

ಸೆರಗಿನ ಗಂಟು ಬಿಚ್ಚಿದೆ. ತಾಯಿತವನ್ನು ಕೋದಂಡನ ಅಂಗೈಯಲ್ಲಿ ಇಟ್ಟೆ. "ಸ್ವಿಚ್ಚಿನ ಇಂದೆ ಇತ್ತು. ಬೆಳಿಗ್ಗೆ ಬಿಚ್ಕೊಂಡೆ."

ಅವನು ಅದನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿದ. ತಾಮ್ರದ ಎರಡು ತುದಿಯಲ್ಲೂ ಉಜ್ಜಿದ ಹೊಸ ಗೀರು ಹೊಳೆಯುತ್ತಿತ್ತು. ಹೋಗಿ ನಾನು ತೋರಿಸಿದ ಜಾಗಕ್ಕೇ ಜೋಲುವ ಹಾಗೆ ಕಟ್ಟಿ, ಕಾರು ಹೊರಡಿಸಿ ಎಡಕ್ಕೆ ತಿರುಗಿಸಿದ. ನಿಂತಿತು. ಬಿಚ್ಚಿ ತಿರುಗಿಸಿದ. ನಿಲ್ಲಲಿಲ್ಲ. ಮತ್ತೆ ಕಟ್ಟಿದ. ನಿಂತಿತು.

"ಎಡಕ್ಕೆ ತಿರುಗ್ದಾಗ ಇದು ಬಲಕ್ಕೆ ತೂಗಾಡ್ತದೆ ಮಾವ," ಎಂದು ಅಪ್ಪನಿಗೆ ತೋರಿಸಿದ. "ಒಂದು ತುದಿ ಸ್ವಿಚ್ಚಿನ ತಿರುಪಿಗೆ, ಇನ್ನೊಂದು ಈ ಕಬ್ಬಿಣದ ಪಟ್ಟಿಗೆ ತಗುಲ್ತದೆ. ಇದೇ ರೋಗ. ಇನ್ನು ಬರಲ್ಲ."

ಅಪ್ಪ ಹಲಗೆಯ ಹಿಂದೆ ಬಗ್ಗಿ ನೋಡಿ, ಎದ್ದು, ನನ್ನ ಮುಂದೆ ಬಂದು ನಿಂತ.

"ಕಾರಿಗೆ ಯಾರಮ್ಮ ತಾಯ್ತ ಕಟ್ಟುತಾರೆ?"

"ಕಾರಿಗಲ್ಲ ಅಪ್ಪಾ."

ಈ ಮಾತನ್ನು ಯಾರೂ ತಮಾಷೆ ಎಂದುಕೊಳ್ಳಲಿಲ್ಲ. ಅಪ್ಪ ಕೋದಂಡನ ಕಡೆ ತಿರುಗಿದ.

"ನಿಂಗೆ ಗೊತ್ತಿತ್ತೇನ್ಲಾ?"

"ತಾಯ್ತ ಇರೋದು ಗೊತ್ತಿರ್ಲಿಲ್ಲ ಮಾವ."

"ಮಿಕ್ಕಿದ್ದು?"

ಕೋದಂಡ ನೆಲ ನೋಡಿದ. "ಮಿಕ್ಕಿದ್ದು ಎರಡು ವರ್ಷದಿಂದ ಗೊತ್ತು. ನಿಮ್ಮ ಅನ್ನ ತಿಂತಾ ಎಂಗೆ ಏಳ್ಲಿ ಅಂತ ಸುಮ್ಮನಿದ್ದೆ."

ಎರಡು ವರ್ಷ! ಆ ಕಿವಿಗಳಿಗೆ ಎಲ್ಲ ಕೇಳಿಸಿತ್ತು.

ಅಪ್ಪ ಕಾರಿನ ಸುತ್ತ ಒಂದು ಸುತ್ತು ನಡೆದ. ಮಡ್‌ಗಾರ್ಡಿನ ಸೀಮೆಸುಣ್ಣವನ್ನು ಟವೆಲಿನಿಂದ ಒರೆಸಿದ. ಆಮೇಲೆ ಒಳಗೆ ಹೋಗುತ್ತಾ ಅತ್ತೆಗೆ ಹೇಳಿದ: "ಅಕ್ಕಾ, ನಾಳೆ ಗುಜರಿಯೋನು ಬಂದ್ರೆ ಕಾಫಿ ಕೊಟ್ಟು ವಾಪಸ್ ಕಳ್ಸು. ಸಾಯಂಕಾಲ ಓಗಿ ಇವ್ನ ತಾಯಿನ ಕರ್ಕೊಂಡು ಬಾ."

ಪಾಪಕ್ಕತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಕಟ್ಟಬೇಕಾದ ಜಾಗಕ್ಕೆ ಕಟ್ಟಿದ್ರೆ ಇಷ್ಟೆಲ್ಲ ಪಾಡು ಇರ್ತಿತ್ತೇನೇ?" ಎಂದು ನನ್ನನ್ನು ಬೈದು ಕಾಫಿಗೆ ಒಲೆ ಹಚ್ಚಲು ಹೋದಳು.

ಕೋದಂಡ ಅಂಗಿಯ ತೋಳು ಮಡಿಸಿ ಕೈ ಮುಂದೆ ಚಾಚಿದ. ನಾನು ತಾಯಿತವಿಟ್ಟು ಕರಿದಾರ ಸುತ್ತಿದೆ. ಅಷ್ಟು ಹತ್ತಿರದಿಂದ ಅವನ ಮುಖವನ್ನು ನಾನು ನೋಡಿದ್ದೇ ಇಲ್ಲ. ಹಣೆಯ ಗಾಯ ಮಾಗಿ ಸಣ್ಣ ಗೆರೆಯಾಗಿತ್ತು. ಒಂದು ಗಂಟು ಹಾಕಿದೆ, ಎರಡು ಹಾಕಿದೆ. ಮೂರನೆಯದಕ್ಕೆ ದಾರ ಎಳೆದಾಗ ಅವನು ನನ್ನ ಬೆರಳು ಹಿಡಿದ.

"ಎರಡು ಸಾಕು," ಎಂದ ಮೆಲ್ಲಗೆ. "ಮೂರು ಗಂಟು ಆಕೋ ಕೆಲ್ಸ ನಂದು."

ನಾನು ಎರಡಕ್ಕೇ ನಿಲ್ಲಿಸಿದೆ.