ಮುತ್ತಿಗೆ ನೋಟಿನ ಬೆನ್ನು

ಇನ್ಸ್‌ಪೆಕ್ಟರ್ ಸ್ಟೂಲು ಹತ್ತಿ ಠಾಣೆಯ ಗೋಡೆ ಗಡಿಯಾರಕ್ಕೆ ಬ್ಯಾಟರಿ ಹಾಕುತ್ತಿದ್ದರು. ಆಲ್ಬಮ್ಮನ್ನು ಎದೆಗವಚಿಕೊಂಡು ನಿವೃತ್ತ ಮೇಷ್ಟ್ರು ಬಂದರು. ಹಳೇ ನೋಟು ಕೂಡಿಡುವ ಹುಚ್ಚು ಅವರಿಗೆ.

“ಒಂದು ನೋಟು ಕಳುವಾಗಿದೆ.”

“ಎಷ್ಟರದು ಮೇಷ್ಟ್ರೇ?”

“ಮೇಲೆ ಐದು ಅಂತಿದೆ. ಈಗಿನ ಬೆಲೆ ಕೇಳಬೇಡಿ, ತಲೆ ತಿರುಗುತ್ತೆ.”

ದಫೇದಾರ ಕೈಗಡಿಯಾರ ನೋಡಿ ಎಫ್‌ಐಆರ್‌ನಲ್ಲಿ 10.40 ಎಂದು ಬರೆದ.

ಅರವತ್ತು ವರ್ಷದ ಹಿಂದೆ ಯುದ್ಧದಲ್ಲಿ ಊರೊಂದಕ್ಕೆ ಮುತ್ತಿಗೆ ಬಿದ್ದು ಹಣ ಬರುವ ದಾರಿ ಮುಚ್ಚಿತ್ತು. ಪುರಸಭೆಯವರು ಶಾಲೆ ಪುಸ್ತಕದ ರೂಲು ಹಾಳೆ ಹರಿದು, ಒಂದು ಬದಿಗೆ ಅಚ್ಚೊತ್ತಿ, ಸಹಿ ಹಾಕಿ ಹಂಚಿದ ನೋಟದು. ಆ ಕಾಗದ ನಂಬಿ ಇಡೀ ಊರು ನಾಲ್ಕು ತಿಂಗಳು ಉಂಡಿತ್ತು.

12 ಗಂಟೆಗೆ ಮೇಷ್ಟ್ರ ಮನೆಯಲ್ಲಿ ಪಂಚನಾಮೆ. ಬೀಗ ಮುರಿದಿರಲಿಲ್ಲ. ಆಲ್ಬಮ್ಮಿನಲ್ಲಿ ನೋಟಿದ್ದ ಜೇಬಿನೊಳಗೆ ಅಷ್ಟೇ ಅಳತೆಯ ಖಾಲಿ ಹಾಳೆ.

“ಇದ್ಯಾಕೆ?”

“ಜೇಬು ಖಾಲಿ ಬಿಟ್ಟರೆ ಬೆನ್ನಿಗಿರೋ ನೋಟು ಸೊಟ್ಟಗಾಗುತ್ತೆ,” ಎಂದರು ಮೇಷ್ಟ್ರು.

“ಉಳಿದ ನೋಟಿನ ಚಿಂತೆ ಕಳ್ಳನಿಗೆ,” ಎಂದ ದಫೇದಾರ. “ಎಂಥಾ ಸಂಸಾರಸ್ಥ.”

“ಈ ಕೆಲಸ ಬಲ್ಲವರು ಯಾರು ಬಂದಿದ್ದರು?” ಇನ್ಸ್‌ಪೆಕ್ಟರ್ ಕೇಳಿದರು.

“ಗುರುವಾರ ಬೆಲೆ ಕಟ್ಟೋಕೆ ಬಂದವನೊಬ್ಬನೇ.”

3.15ಕ್ಕೆ ಬೆಲೆ ಕಟ್ಟುವವನ ಕೋಣೆ. ಮೇಜಿನ ಮೇಲೆ ಭೂತಗನ್ನಡಿ, ಚಿಮಟ, ಆಲ್ಬಮ್ಮಿನಲ್ಲಿ ಸಿಕ್ಕಂಥದ್ದೇ ಖಾಲಿ ಹಾಳೆಯ ಕಟ್ಟು. ಇನ್ಸ್‌ಪೆಕ್ಟರ ಕಣ್ಣು ಕಟ್ಟಿನ ಮೇಲೆ ನಿಂತದ್ದು ಕಂಡು, ವಿಳಾಸ ಬರೆದಿದ್ದ ಲಕೋಟೆಯೊಂದನ್ನು ಅವನೇ ಮುಂದೆ ತಳ್ಳಿದ.

“ನೋಟು ಇದರೊಳಗಿದೆ. ಚಿಮಟದಲ್ಲಿ ಹಿಡೀರಿ ಸಾರ್. ಹಿಂಬದಿ ನೋಡಿ.”

ರೂಲಿನ ಗೆರೆಗಳ ಮೇಲೆ ಪೆನ್ಸಿಲಿನ ಸಣ್ಣಕ್ಷರ: ‘ಮುತ್ತಿಗೆ ತೆಗೆದು ಟಪಾಲು ಬಿಟ್ಟ ದಿನ ಇದು ನಿನ್ನ ಕೈ ಸೇರುತ್ತೆ. ಜಗಳದಲ್ಲಿ ನಿನ್ನ ತಪ್ಪಿರಲಿಲ್ಲ. ನಾನೇ ಸಿಟ್ಟಲ್ಲಿ ಹೊರಟು ಬಂದೆ.’ ಕೆಳಗೆ ಒಂದು ವಿಳಾಸ.

ದಫೇದಾರ ಟೋಪಿ ತೆಗೆದ. ಜೋರಾಗಿ ಉಸಿರುಬಿಟ್ಟರೆ ಅಕ್ಷರ ಹಾರಿಹೋದೀತೆಂಬಂತೆ ಮೂವರೂ ಹಾಗೇ ನಿಂತರು.

“ಯಾರಿಗಿದು?”

“ನಮ್ಮ ದೊಡ್ಡಮ್ಮನಿಗೆ. ದೊಡ್ಡಪ್ಪ ಮುತ್ತಿಗೇಲೇ ತೀರಿಹೋದರು. ಜಗಳ ಆಡಿ ಸಾಯೋಕೆ ಕಳಿಸಿದೆ ಅಂತ ಎಂಬತ್ತೈದರಲ್ಲೂ ಕೊರಗ್ತಾಳೆ. ಕಾಗದ ಬಂದರೆ ತಪ್ಪಿಹೋದೀತು ಅಂತ ಇವತ್ತಿಗೂ ಆ ಮನೆ ಬಿಟ್ಟಿಲ್ಲ.”

“ಕೊಂಡುಕೊಳ್ಳಬಹುದಿತ್ತಲ್ಲ?”

“ಈ ಬರಹದಿಂದಾನೇ ಬೆಲೆ ನಾಲ್ಕು ಪಟ್ಟು. ಕಟ್ಟಿದವನು ನಾನೇ. ಕಮ್ಮಿ ಬರೆಯೋಕೆ ಕೈ ಬರಲಿಲ್ಲ.”

“ಕದಿಯೋಕೆ ಬಂತು.”

“ಬಂತು ಸಾರ್.”

4.50ಕ್ಕೆ ದಸ್ತಗಿರಿ. ನೋಟು ಈಗ ಮುದ್ದೆಮಾಲು, ಮೊಕದ್ದಮೆ ಮುಗಿಯುವ ತನಕ ಕದಲುವಂತಿಲ್ಲ.

ಮೇಷ್ಟ್ರು ಠಾಣೆಗೆ ಬಂದು ಅವನೆದುರು ನಿಂತರು. “ನನ್ನನ್ನೊಂದು ಮಾತು ಕೇಳಬಾರದಿತ್ತೇನಪ್ಪ?” ಆಮೇಲೆ ದನಿ ಇಳಿಯಿತು. “ಇಪ್ಪತ್ತು ವರ್ಷ ಅದನ್ನ ಓದಿ ಓದಿ ಖುಷಿಪಟ್ಟೆ. ಆ ವಿಳಾಸಕ್ಕೊಂದು ಕಾರ್ಡು ಹಾಕಬೇಕು ಅಂತ ನನಗೂ ಹೊಳೀಲಿಲ್ಲ.”

ಜಪ್ತಿ ಪಂಚನಾಮೆಗೆಂದು ತೆಗೆದ ಬರಹದ ಫೋಟೊ ಇನ್ನೊಂದು ಪ್ರತಿಯಾಗಿ, ಮೇಷ್ಟ್ರ ಒಪ್ಪಿಗೆಯ ಮೇಲೆ, ಅದೇ ಲಕೋಟೆಗೆ ಸೇರಿತು. ಇನ್ಸ್‌ಪೆಕ್ಟರ್ ಗಡಿಯಾರ ನೋಡಿದರು. 5.20. ಐದೂವರೆಗೆ ಟಪಾಲು ಡಬ್ಬಿ ತೆಗೆಯುತ್ತಾರೆ.

“ಓಡಯ್ಯ,” ಎಂದರು ದಫೇದಾರನಿಗೆ. “ಇವತ್ತಿನ ಟಪಾಲು ತಪ್ಪಬಾರದು.”

ಟೋಪಿ ಮೇಜಿನ ಮೇಲೇ ಬಿಟ್ಟು ಅವನು ಓಡಿದ. ಡಬ್ಬಿಗೆ ಹಾಕಿ, ಒಳಗೆ ಬಿತ್ತೋ ಇಲ್ಲವೋ ಎಂದು ಬಗ್ಗಿ ನೋಡಿಯೇ ಬಂದ.