ಅರ್ಧ ಇಂಚಿನ ಸದ್ದು

ಕುದಿಯುವ ಗಂಜಿಯ ವಾಸನೆ ಎಲ್ಲಿ ಮೂಗಿಗೆ ಬಿದ್ದರೂ ಆಕೆ ಮತ್ತೆ ಆರು ವರ್ಷದ ಹುಡುಗಿಯಾಗಿಬಿಡುತ್ತಿದ್ದಳು. ಅಮ್ಮನಿಗೆ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸ. ದೊಡ್ಡ ಹಂಡೆಯಲ್ಲಿ ಗಂಜಿ ಕಾಯುತ್ತಿತ್ತು, ಬಿಳಿಯ ಹಾಸುಬಟ್ಟೆಗಳು ಅದರಲ್ಲಿ ಮುಳುಗಿ ಏಳುತ್ತಿದ್ದವು. ಶಾಲೆ ಬಿಟ್ಟ ಮೇಲೆ ಮಗಳು ಆ ಹಂಡೆಯ ಪಕ್ಕ ಬೆಚ್ಚಗೆ ಕೂತಿರುತ್ತಿದ್ದಳು. ಮುರಿದಿದ್ದ ಅವಳ ಎಡಗಾಲು ಕೂಡಿಕೊಳ್ಳುವಾಗ ಅರ್ಧ ಇಂಚು ಗಿಡ್ಡವಾದ ವರ್ಷ ಅದು. ಅಲ್ಲಿದ್ದ ಹೆಂಗಸರಲ್ಲಿ ಒಬ್ಬರೂ ಅವಳಿಗೆ ಏನನ್ನೂ ತಂದುಕೊಡು ಎನ್ನುತ್ತಿರಲಿಲ್ಲ. ನೀರು ಬೇಕಾದರೂ ತಾವೇ ಕೈ ಒರೆಸಿಕೊಂಡು ಎದ್ದು ಹೋಗುತ್ತಿದ್ದರು. ಅದು ಪ್ರೀತಿಯೇ. ಆದರೆ ತಾನು ನಡೆಯುವುದನ್ನು ಯಾರೂ ನೋಡಬಾರದು ಎಂಬ ಪಾಠವನ್ನು ಮಗು ಕಲಿತದ್ದೂ ಆ ಪ್ರೀತಿಯಿಂದಲೇ.

ಈಗ ಅವಳಿಗೆ ಮೂವತ್ತೊಂಬತ್ತು. ಕೆಲಸ ನಡೆಯುವುದು.

ಸಿನಿಮಾದಲ್ಲಿ ನಮಗೆ ಕೇಳುವ ಹೆಜ್ಜೆಗಳು ಬಹುಪಾಲು ನಟರದಲ್ಲ. ಚಿತ್ರೀಕರಣ ಮುಗಿದ ಮೇಲೆ, ಮುಚ್ಚಿದ ಕೋಣೆಯಲ್ಲಿ, ಪರದೆಯ ಮೇಲೆ ಕಣ್ಣಿಟ್ಟು ಬೇರೊಬ್ಬರು ಅವರ ಬದಲು ನಡೆಯುತ್ತಾರೆ. ಹದಿನೇಳು ವರ್ಷದಿಂದ ಆಕೆ ಹಾಗೆ ಊರಿನವರೆಲ್ಲರ ಬದಲು ನಡೆದಿದ್ದಳು. ಸ್ಟುಡಿಯೋದಲ್ಲಿ ಅವಳಿಗೆ ಹೆಜ್ಜೆಯಕ್ಕ ಎಂದೇ ಹೆಸರು. ಎಲ್ಲರಿಗಿಂತ ಮೊದಲು ಬಂದು ಕೂರುವಳು, ಎಲ್ಲರೂ ಹೋದ ಮೇಲೆ ಏಳುವಳು. ಹೆಜ್ಜೆಯಕ್ಕನ ಹೆಜ್ಜೆಯನ್ನು ಕಣ್ಣಾರೆ ಕಂಡವರು ಅಲ್ಲಿ ಕಡಿಮೆ.

ಆ ವರ್ಷ ಬಂದದ್ದು ಒಂದು ಕ್ರಿಸ್‌ಮಸ್ ಸಿನಿಮಾ. ಹಿಮ ಮುಚ್ಚಿದ ಅತಿಥಿಗೃಹಕ್ಕೆ ರಜೆ ಕಳೆಯಲು ಬಂದ ಏಳು ಜನ, ಸಾಂಟಾನ ಕೆಂಪು ಕೋಟು ತೊಟ್ಟು ಅವರನ್ನು ಒಬ್ಬೊಬ್ಬರಾಗಿ ಮುಗಿಸುವ ಕೊಲೆಗಾರ. ಬಿರುಬೇಸಿಗೆಯಲ್ಲಿ ಹನ್ನೊಂದೇ ದಿನದಲ್ಲಿ ತೆಗೆದದ್ದು. ಹಿಮವೆಂದರೆ ಹತ್ತಿ, ಉಪ್ಪು, ಸೋಪಿನ ನೊರೆ. ಬೇರೆ ಸಿನಿಮಾಗಳಲ್ಲಿ ಗಂಡಸರ ಹೆಜ್ಜೆಗೆ ಇನ್ನೊಬ್ಬರಿರುತ್ತಿದ್ದರು. ಇದರಲ್ಲಿ ಅಷ್ಟು ಅನುಕೂಲವಿಲ್ಲದೆ ಎಲ್ಲರ ಹೆಜ್ಜೆಯನ್ನೂ ಅವಳೇ ಹಾಕಿದಳು. ಹಿಮದ ಸದ್ದು ಬರಬೇಕಾದರೆ ಕಾರ್ನ್‌ಫ್ಲೋರ್ ತುಂಬಿದ ಚೀಲಗಳ ಮೇಲೆ ನಡೆಯಬೇಕು. ಗಟ್ಟಿ ನೆಲವಾದರೆ ಅವಳು ಹೇಗೋ ಸಂಭಾಳಿಸುತ್ತಿದ್ದಳು. ಹಿಟ್ಟಿನ ಮೇಲೆ ಕಾಲು ಸುಳ್ಳು ಹೇಳುವುದಿಲ್ಲ. ಹಿಮದಲ್ಲಿ ನಡೆಯುವವರು ಇಬ್ಬರೇ ತಾನೇ, ಕೊಲೆಗಾರ ಮತ್ತು ನಾಯಕಿ, ಯಾರಿಗೆ ಗೊತ್ತಾಗುತ್ತದೆ ಎಂದು ಅವಳು ಸುಮ್ಮನಾಗಿದ್ದಳು.

ಸಿನಿಮಾ ಇಂಟರ್‌ನೆಟ್‌ನಲ್ಲಿ ಬಿಡುಗಡೆಯಾಗಿ ವಾರ ಕಳೆದ ಮೇಲೆ ನಿರ್ದೇಶಕ ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿ ಪ್ರೇಕ್ಷಕರ ಅಭಿಪ್ರಾಯಗಳನ್ನು ಗಟ್ಟಿಯಾಗಿ ಓದಿದ. ನಲವತ್ತು ದಾಟಿದ, ಎಲ್ಲದಕ್ಕೂ ಬೇಗ ನೊಂದುಕೊಳ್ಳುವ ಮನುಷ್ಯ. ಒಬ್ಬರು ಹಿಮದಲ್ಲಿ ಓಡುವ ಹುಡುಗಿಯ ಹಣೆಯ ಮೇಲೆ ಬೆವರು ಎಲ್ಲಿಂದ ಬಂತು ಎಂದು ಕೇಳಿದ್ದರು. ಇನ್ನೊಬ್ಬರು ಕೊಲೆಗಾರನ ಗಡ್ಡ ಎರಡು ಸಲ ಕಳಚಿ ಬಿದ್ದರೂ ಅವನ ಗುರುತು ಹತ್ತದ ನಾಯಕಿಗೆ ಮೊದಲು ಕನ್ನಡಕ ಕೊಡಿಸಿ ಎಂದಿದ್ದರು. ಬಹಳ ದಿನದಿಂದ ನಿದ್ದೆ ಬರುತ್ತಿರಲಿಲ್ಲ, ನಿಮ್ಮ ಸಿನಿಮಾ ಉಪಕಾರ ಮಾಡಿತು ಎಂದು ಒಬ್ಬರು ಮನಸಾರೆ ಬರೆದಿದ್ದರು. ಎಲ್ಲರೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾಗ ಕೊನೆಯದು ಬಂತು. ಬರೆದವರ ಹೆಸರಿನ ಜಾಗದಲ್ಲಿ ‘ಬೂಟಿನವ’ ಎಂದಿತ್ತು.

"ನಾನು ಈ ಸಿನಿಮಾ ನೋಡಿಲ್ಲ, ಕೇಳಿದ್ದೇನೆ. ಹಿಮದಲ್ಲಿ ನಡೆಯುವ ಕೊಲೆಗಾರನ ಎಡಗಾಲು ಅರ್ಧ ಇಂಚು ಗಿಡ್ಡ. ನಾಯಕಿಯದೂ ಅಷ್ಟೇ. ಆದ್ದರಿಂದ ಇಪ್ಪತ್ತನೇ ನಿಮಿಷಕ್ಕೇ ನಾಯಕಿಯೇ ಕೊಲೆ ಮಾಡುತ್ತಿರುವುದು ಎಂದು ತಿಳಿಯಿತು. ಕೊನೆಗೆ ಪಾಪ ಅತಿಥಿಗೃಹದ ಮ್ಯಾನೇಜರನನ್ನು ಹಿಡಿದರು. ಅವನು ನಿರಪರಾಧಿ, ಸಮವಾಗಿ ನಡೆಯುತ್ತಾನೆ. ಐದಕ್ಕೆ ಎರಡು ನಕ್ಷತ್ರ. ಎರಡೂ ಆ ಹೆಜ್ಜೆಗೆ."

ಯಾರೂ ನಗಲಿಲ್ಲ. ಎಡಿಟರನ ಕಣ್ಣು ಮೇಜಿನ ಕೆಳಗೆ ಇಳಿಯಿತು. ಪಕ್ಕದಲ್ಲಿದ್ದ ಮೇಕಪ್‌ನವಳು, ಏನೋ ಹುಡುಕುವವಳಂತೆ ತನ್ನ ದೊಡ್ಡ ಚೀಲವನ್ನು ತೆಗೆದು ಹೆಜ್ಜೆಯಕ್ಕನ ಪಾದಗಳ ಮುಂದೆ ಇಟ್ಟಳು. ಮುಂದಿನ ಸಿನಿಮಾಕ್ಕೆ ಮೊದಲೇ ರೆಕಾರ್ಡ್ ಮಾಡಿಟ್ಟ ರೆಡಿಮೇಡ್ ಹೆಜ್ಜೆ ತಂದು ಹಾಕಿದರಾಯಿತು ಎಂದು ಎಡಿಟರ್ ಮೆತ್ತಗೆ ಹೇಳಿದ. ನಿರ್ದೇಶಕ ಹೂಂ ಎನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಹದಿನೇಳು ವರ್ಷದ ಅನ್ನ ಆ ಮೌನದಲ್ಲಿ ತೂಗಾಡಿತು.

ಮಧ್ಯಾಹ್ನ ಅವಳು ಬೂಟಿನವನಿಗೆ ಒಂದೇ ಸಾಲು ಬರೆದಳು: ನಡೆದವಳು ನಾನು, ಕಾಲು ಗಿಡ್ಡ ಇದ್ದವರು ನಿಮಗೇನು ಅನ್ಯಾಯ ಮಾಡಿದ್ದರು? ಹತ್ತು ನಿಮಿಷದಲ್ಲಿ ಉತ್ತರ ಬಂತು. ಏನೂ ಮಾಡಿಲ್ಲ, ಅವರಿಗೆ ಬೂಟು ಮಾಡಿಕೊಡುವುದೇ ನನ್ನ ಕಸುಬು. ಹೆಜ್ಜೆ ನಟಿಯದೇ, ಬೇಕೆಂದೇ ಹಾಗೆ ನಡೆದಿದ್ದಾಳೆ ಎಂದುಕೊಂಡಿದ್ದೆ. ಮನಸ್ಸು ನೋಯಿಸಿದೆ, ನೀವು ಹೂಂ ಅಂದರೆ ಈಗಲೇ ಅಳಿಸಿಹಾಕುತ್ತೇನೆ. ಕೆಳಗೆ, ಅಭ್ಯಾಸಬಲದಿಂದಲೋ ಏನೋ, ಅಂಗಡಿಯ ವಿಳಾಸ.

ಅವಳು ಹೂಂ ಎಂದು ಬರೆಯುವಷ್ಟರಲ್ಲಿ ನಿರ್ದೇಶಕನ ಫೋನು. ದನಿಯೇ ಬೇರೆಯಾಗಿತ್ತು. ಆ ಅಭಿಪ್ರಾಯದ ಕೆಳಗೆ ನೂರಾರು ಜನ ಬರೆದಿದ್ದರು. ಕಣ್ಣು ಮುಚ್ಚಿಕೊಂಡು ಸಿನಿಮಾ ಕೇಳಿದೆವು, ಹೌದು, ಕೊಲೆಗಾರ್ತಿ ಅವಳೇ, ಎಂಥ ತಲೆ ಈ ನಿರ್ದೇಶಕನದು ಎಂದು ಹೊಗಳಿದ್ದರು. ನಿರ್ದೇಶಕ ಆಗಲೇ ಯಾರಿಗೋ ಸಂದರ್ಶನ ಕೊಟ್ಟು, ಈ ಉಪಾಯ ಹೊಳೆಯಲು ಎರಡು ವರ್ಷ ಹಿಡಿಯಿತು ಎಂದೂ ಹೇಳಿಬಿಟ್ಟಿದ್ದ. ಅಭಿಪ್ರಾಯ ಉಳಿದರೆ ಎರಡನೇ ಭಾಗ ಬರುತ್ತದೆ, ಹೆಜ್ಜೆಯಕ್ಕನ ಕೆಲಸವೂ ಉಳಿಯುತ್ತದೆ. ಅಳಿಸಬೇಡ ಅಂತ ಆ ಮನುಷ್ಯನಿಗೆ ನೀವೇ ಹೇಳಬೇಕು ಎಂದು ಬೇಡಿಕೊಂಡ.

ಅದು ಉಳಿದರೆ ಅವಳ ಕಾಲಿನ ವಿಷಯವೂ ಊರೆಲ್ಲ ಉಳಿಯುತ್ತದೆ. ಅಳಿಸಿ ಎನ್ನುವುದೋ ಬೇಡ ಎನ್ನುವುದೋ ತೀರ್ಮಾನಿಸದೆಯೇ ಅವಳು ಮಾರನೆಯ ಬೆಳಿಗ್ಗೆ ಆ ವಿಳಾಸ ಹುಡುಕಿಕೊಂಡು ಹೊರಟಳು.

ಅಂಗಡಿಗೆ ಮೂರು ಮರದ ಮೆಟ್ಟಿಲು. ಒಳಗೆ ತೊಗಲಿನ ತುಂಡುಗಳು, ಗೋಡೆಯುದ್ದಕ್ಕೂ ಪಾದದ ಆಕಾರದ ಮರದ ಅಚ್ಚುಗಳು. ಬಾಗಿಲಿಗೆ ಬೆನ್ನು ಹಾಕಿ ಒಬ್ಬ ಹೊಲಿಯುತ್ತಿದ್ದ.

"ಬನ್ನಿ," ಎಂದ, ತಿರುಗದೆಯೇ. "ಇಲ್ಲಿ ಹಿಮ ಇಲ್ಲ, ನಿಧಾನಕ್ಕೆ ಬರಬಹುದು."

ಬೈಯಲು ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಅರ್ಧ ಅಲ್ಲೇ ಉದುರಿದವು. ಅವನು ಎದ್ದು ಸ್ಟೂಲು ಒರೆಸಿ ಕೊಟ್ಟ. ಕಿವಿಯ ಬಳಿ ನರೆತ ಕೂದಲು, ಹಣೆಯ ಮೇಲೇರಿಸಿಕೊಂಡ ಕನ್ನಡಕ. ಅದನ್ನೇ ಮೇಜಿನ ಮೇಲೆಲ್ಲ ತಡಕಾಡುತ್ತಿದ್ದ. ಹಣೆ ಮುಟ್ಟಿ ನೋಡಿಕೊಳ್ಳಿ ಎಂದಳು. ಅವನು ಕೆಂಪಾದ. ಕನ್ನಡಕ ಕೆಳಗಿಳಿದ ಮೇಲೂ ಅವನ ನೋಟ ಅವಳ ಮುಖದ ಮೇಲೇ ನಿಂತಿತ್ತು, ಒಂದು ಸಲವೂ ಕೆಳಗೆ ಜಾರಲಿಲ್ಲ. ಅವಳಿಗೆ ಅದು ಅಭ್ಯಾಸವಿರಲಿಲ್ಲ.

"ಕಾಲು ನೋಡಲ್ವಾ?"

"ಅದನ್ನ ಕೇಳಿ ಆಗಿದೆ. ಮುಖಾನೇ ಕೇಳಿರಲಿಲ್ಲ."

ನಗಬಾರದೆಂದು ಅವಳು ಗೋಡೆಯ ಕಡೆ ತಿರುಗಿದಳು. ಅವನು ತನ್ನ ತಪ್ಪಿನ ಕಥೆ ಹೇಳಿದ. ಹಲಗೆಯ ಗೋಡೆಯ ಆಚೆ ಮನೆ. ಅವನ ಅಕ್ಕ ಶಾಲೆಯಲ್ಲಿ ಟೀಚರು, ಇರುವೆಯನ್ನೂ ತುಳಿಯದವಳು, ಸಾಯಂಕಾಲವಾದರೆ ಕೊಲೆಯ ಸಿನಿಮಾ ಹಾಕಿಕೊಂಡು ಸ್ವೆಟರ್ ಹೆಣೆಯುತ್ತಾಳೆ. ಅವನು ಈಚೆ ಹೊಲಿಗೆ ಹಾಕುತ್ತ ಕಿವಿಯಲ್ಲೇ ನೋಡುತ್ತಾನೆ. ಜನ ನಡೆದು ಬರುವುದನ್ನು ಕೇಳಿಯೇ ಅಳತೆ ಅಂದಾಜಿಸುವ ಕಿವಿ ಅದು.

"ಕೊಲೆಗಾರ ಬರುವಾಗ ನನಗೆ ಭಯ ಆಗ್ಲಿಲ್ಲ," ಎಂದ. "ಯಾರೋ ನೋವು ಬಚ್ಚಿಟ್ಕೊಂಡು ನಡೀತಿದ್ದಾರೆ ಅನ್ನಿಸ್ತು. ಸಂಜೆ ಹೊತ್ತು ಸೊಂಟ ನೋಯುತ್ತಲ್ವಾ?"

ಅಮ್ಮ ಹೋದ ಮೇಲೆ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅವಳು ತಲೆಯಾಡಿಸಿದಳು.

"ಹದಿನೇಳು ವರ್ಷ ಸದ್ದು ಮಾಡಿದೀನಿ," ಎಂದಳು. "ಇದುವರೆಗೂ ಯಾರೂ ಕೇಳಿಸ್ಕೊಂಡಿರಲಿಲ್ಲ. ಅಳಿಸಬೇಡಿ. ಇರಲಿ."

ಅಂದೇ ಅವನು ಅಳತೆ ತೆಗೆದುಕೊಂಡ. ಕಾಗದದ ಮೇಲೆ ಅವಳ ಪಾದದ ಸುತ್ತ ಪೆನ್ಸಿಲ್ ಎಳೆಯುವಾಗ, ಮಲಗಿದ ಮಗುವಿಗೆ ಹೊದಿಕೆ ಸರಿಮಾಡುವವರ ಹುಷಾರು ಅವನ ಕೈಯಲ್ಲಿತ್ತು. ಎಡಗಾಲಿನ ಬೂಟಿನ ಅಡಿ ಅರ್ಧ ಇಂಚು ದಪ್ಪ, ಹೊರಗೆ ಕಾಣದ ಹಾಗೆ. ಮುಂದಿನ ಗುರುವಾರ ಬನ್ನಿ ಎಂದ.

ಮುಂದಿನ ಗುರುವಾರ ತೊಗಲು ಒಣಗಿರಲಿಲ್ಲ. ಅದರ ಮುಂದಿನ ಗುರುವಾರ ದಾರ ಬಂದಿರಲಿಲ್ಲ. ಬಂದವಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಅಕ್ಕ ಚಹಾ ತರುತ್ತಿದ್ದಳು, ಚಹಾ ಆರುವವರೆಗೂ ಮಾತು. ಬಾಗಿಲು ಕಿರುಗುಟ್ಟುವ ಸದ್ದು, ಗಂಟಲು ಕೊಯ್ಯುವ ಸದ್ದು ಹೇಗೆ ಮಾಡುತ್ತೀರಿ ಎಂದು ಅಕ್ಕ ಕೇಳುವಳು. ಎಲೆಕೋಸು ಕತ್ತರಿಸುವುದನ್ನು ಅವಳು ವಿವರಿಸುವಾಗ ಅವನು ಹೊಲಿಗೆ ಮರೆತು ನೋಡುವನು. ಅವಳು ಕಣ್ಣೆತ್ತಿದರೆ ಸೂಜಿಗೆ ದಾರ ಪೋಣಿಸುವವನಂತೆ ನಟಿಸುವನು. ದಾರ ಆಗಲೇ ಸೂಜಿಯಲ್ಲಿರುತ್ತಿತ್ತು.

ಐದನೆಯ ಗುರುವಾರ, ಹಿಮ್ಮಡಿಯ ಮೊಳೆ ಸಿಕ್ಕಿಲ್ಲ ಎಂದು ಅವನು ಶುರುಮಾಡಿದಾಗ ಅಕ್ಕನ ತಾಳ್ಮೆ ಮುಗಿಯಿತು. ಮೇಲಿನ ಗೂಡಿನಿಂದ ಒಂದು ಜೊತೆ ಬೂಟು ತಂದು ಮೇಜಿನ ಮೇಲಿಟ್ಟಳು. ಕಂದು ಬಣ್ಣ, ಹೊಳಪು ಕೊಟ್ಟಾಗಿತ್ತು.

"ಮೂರು ವಾರದಿಂದ ಗೂಡಲ್ಲಿ ಕೂತಿದೆ," ಎಂದಳು. "ಆ ದರಿದ್ರ ಸಿನಿಮಾನ ಹನ್ನೊಂದು ಸಲ ಹಾಕಿಸಿದಾನೆ ನನ್ ಕೈಲಿ. ನನಗೇ ಬೇಜಾರಾಯ್ತು ಅಂದ್ರೆ ಲೆಕ್ಕ ಹಾಕಿ." ಚಹಾದ ಲೋಟ ಎತ್ತಿಕೊಂಡು ಬೇಕೆಂದೇ ಒಳಗೆ ಹೋದಳು, ಬಾಗಿಲನ್ನೂ ಎಳೆದುಕೊಂಡಳು.

ಅವನು ಬಹಳ ಹೊತ್ತು ಬೆರಳಿಗೆ ಅಂಟಿದ ಅಂಟನ್ನು ಕೆರೆಯುತ್ತಿದ್ದ.

"ಇದನ್ನ ಹಾಕ್ಕೊಂಡ್ರೆ ನೋವು ಹೋಗುತ್ತೆ," ಎಂದ ಕೊನೆಗೆ. "ಆ ಸದ್ದೂ ಹೋಗುತ್ತೆ. ಎಲ್ಲರ ಹಾಗೆ ನಡೀತೀರಿ. ಗುರುವಾರ ಮೆಟ್ಟಿಲ ಮೇಲೆ ಬರೋರು ನೀವೇನಾ ಅಂತ ನನಗೆ ತಿಳಿಯಲ್ಲ. ಅದಕ್ಕೇ ಕೊಡೋಕೆ ಮನಸ್ಸು ಬರಲಿಲ್ಲ. ನಿಮಗೆ ನೋವಿದೆ ಅಂತ ಗೊತ್ತಿದ್ರೂ ನನ್ನ ಸ್ವಾರ್ಥ ನೋಡ್ಕೊಂಡೆ. ಕ್ಷಮಿಸಿ."

ತಾನು ಮುಚ್ಚಿಟ್ಟುಕೊಂಡು ಬಂದದ್ದನ್ನೇ ಇನ್ನೊಬ್ಬರು ಕಳೆದುಕೊಳ್ಳಲು ಹೆದರುತ್ತಿದ್ದರು. ಅವಳು ಬೂಟು ಹಾಕಿಕೊಂಡಳು. ಅವನ ಕಣ್ಣೆದುರೇ ಬಾಗಿಲವರೆಗೆ ಹೋಗಿ ಬಂದಳು. ಟಕ್, ಟಕ್, ಗಡಿಯಾರದಷ್ಟು ಸಮ. ಬೆನ್ನು ತಾನಾಗಿ ನೇರವಾಯಿತು. ಮೂವತ್ತಮೂರು ವರ್ಷದ ಬಿಗಿತ ಸೊಂಟದಿಂದ ಇಳಿದುಹೋಗುವಾಗ ಅವಳ ಕಣ್ಣು ತುಂಬಿತು. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಕೆಲಸ ಚೆನ್ನಾಗಿ ಬಂದ ಸಂತೋಷ ಒಂದು ಕಡೆ, ಉಳಿದದ್ದು ಅವನ ಮುಖದಲ್ಲೇ ಕಾಣುತ್ತಿತ್ತು.

"ಒಂದು ಕೇಳಲಾ?" ಎಂದಳು. "ನಿಮ್ಮ ಮನೆ ಒಳಗೆ ಬರೋರು ಬೂಟು ಹೊರಗೆ ಬಿಟ್ಟು ಬರ್ತಾರೆ ತಾನೇ?"

"ಹೌದು. ಯಾಕೆ?"

"ಹಾಗಾದ್ರೆ ಸದ್ದು ಎಲ್ಲಿ ಹೋಗುತ್ತೆ? ಬೂಟು ಬೀದಿಗೆ. ಸದ್ದು ಮನೆಗೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹಲಗೆಯ ಗೋಡೆಯ ಆಚೆ ಅಕ್ಕನಿಗೆ ಮೊದಲೇ ಅರ್ಥವಾಗಿ, ಲೋಟವೊಂದು ಕೈಜಾರಿ ಬಿತ್ತು.

ಎರಡನೇ ಭಾಗದ ಕೆಲಸ ಆರಂಭವಾದಾಗ ನಿರ್ದೇಶಕ ಒಂದೇ ಷರತ್ತು ಹಾಕಿದ, ಹೆಜ್ಜೆ ಅದೇ ಇರಬೇಕು. ಅವಳು ಬೂಟು ಬಿಚ್ಚಿಟ್ಟು ಹಿಟ್ಟಿನ ಚೀಲಗಳ ಮೇಲೆ ನಡೆದಳು. ಈ ಸಲ ಗಾಜಿನಾಚೆ ಎಡಿಟರ್, ಮೇಕಪ್‌ನವಳು, ನಿರ್ದೇಶಕ ಎಲ್ಲರೂ ನೋಡುತ್ತಿದ್ದರು. ಗಾಜಿಗೆ ಪರದೆ ಎಳೆಯಿರಿ ಎಂದು ಅವಳು ಎಂದಿನಂತೆ ಕೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಾಗಿಲು ಒಂದು ಗೇಣಷ್ಟು ತೆರೆಯಿತು. ರೆಕಾರ್ಡಿಂಗಿನ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ತನ್ನ ಬೂಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಎರಡು ಮಹಡಿ ಬರಿಗಾಲಲ್ಲಿ ಹತ್ತಿ, ಉಸಿರು ಬಿಗಿಹಿಡಿದು ಅವನು ನಿಂತಿದ್ದ. ಅವಳು ಅವನತ್ತ ನಡೆದಳು, ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಮೆತ್ತಗೆ. ಅವನು ಊಟದ ಡಬ್ಬಿಯನ್ನು ಅವಳ ಕೈಗಿಟ್ಟ. ಡಬ್ಬಿಗೆ ಬಟ್ಟೆ ಸುತ್ತಿತ್ತು. ಒಳಗೆ ಅನ್ನ ಇನ್ನೂ ಬಿಸಿಯಾಗಿತ್ತು.