ಎಡಮಗ್ಗುಲಿನ ಅಕ್ಷರಗಳು

ಒಂದಾನೊಂದು ಊರಿನಲ್ಲಿ ಆರು ಆಂಬುಲೆನ್ಸ್‌ಗಳಿದ್ದವು. ಆರರ ಮೈಮೇಲೂ ದಪ್ಪನೆಯ, ತುದಿಯಲ್ಲಿ ಕುಚ್ಚು ಬಾಲಗಳಿಲ್ಲದ, ಬಲಕ್ಕೆ ವಾಲಿದ ಕೆಂಪು ಅಕ್ಷರಗಳು. ಯಾರ ಕಣ್ಣಿಗೂ ಬೀಳದಂತೆ ಒಂದೊಂದೇ ಗಾಡಿಯ ಎಡಮಗ್ಗುಲಿನ ಅಕ್ಷರಗಳು ಎಡಕ್ಕೆ ವಾಲತೊಡಗಿದವು. ಅಜ್ಜಿ ಹೇಳುವ ಕತೆಯಾಗಿದ್ದರೆ ಇದು ಯಕ್ಷಿಣಿಯ ಕೆಲಸವೆಂದು ಮುಗಿಯುತ್ತಿತ್ತು. ಡಿಪೋ ಮ್ಯಾನೇಜರ್ ಠಾಣೆಗೆ ದೂರು ಕೊಟ್ಟಿದ್ದರಿಂದ ಮೂರನೇ ತಾರೀಕು ಬೆಳಿಗ್ಗೆ ಹತ್ತೂಕಾಲಿಗೆ ಎಫ್‌ಐಆರ್ ಆಯಿತು.

ಹದಿನೆಂಟನೇ ತಾರೀಕಾದರೂ ಇನ್‌ಸ್ಪೆಕ್ಟರಮ್ಮನಿಗೆ ಸಿಕ್ಕಿದ್ದು ಸೊನ್ನೆ. ಗಾಡಿಗಳನ್ನು ದಿನಾ ತೊಳೆಯುವುದರಿಂದ ಬೆರಳಚ್ಚಿಲ್ಲ. ಕ್ಯಾಮೆರಾ ಗೇಟನ್ನಷ್ಟೇ ನೋಡುತ್ತಿತ್ತು. ಸ್ಟಿಕ್ಕರ್ ಅಂಗಡಿಯವರೆಲ್ಲ ತಮಗೆ ಗೊತ್ತಿಲ್ಲವೆಂದಿದ್ದರು. ಮ್ಯಾನೇಜರ್ ಗಾಡಿ ತೊಳೆಯುವವಳ ಮೇಲೆ ಗೂಬೆ ಕೂರಿಸಿ ಅವಳನ್ನು ಕೆಲಸದಿಂದ ನಿಲ್ಲಿಸಿದ್ದ. ಅವಳು ದಿನವೂ ಠಾಣೆಗೆ ಬರುತ್ತಿದ್ದಳು.

“ಮೇಡಂ, ನಾನು ಕೊಳೆ ತೆಗೀತೀನಿ, ಅಕ್ಷರ ತೆಗೀತೀನಾ?”

“ಗೊತ್ತಮ್ಮ. ನಿನ್ನ ಕೆಲಸ ವಾಪಸ್ ಕೊಡಿಸ್ತೀನಿ.”

“ಹೋದ ವಾರಾನೂ ಇದನ್ನೇ ಅಂದ್ರಿ.”

ಇನ್‌ಸ್ಪೆಕ್ಟರಮ್ಮ ಫೈಲನ್ನು ಮೇಜಿಗೆ ಕುಕ್ಕಿ ಎದ್ದರು. ಗಾಡಿಗಳ ಮೊದಲಿನ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ರೂಪಿಸಿದ್ದ ಹುಡುಗಿ ಠಾಣೆಗೆ ಬಂದಿದ್ದಳು; ಗಾಡಿಯಿಂದ ಕಿತ್ತು ತಂದ, ಎಡಕ್ಕೆ ವಾಲಿದ ಅಕ್ಷರವೊಂದನ್ನು ಭೂತಗನ್ನಡಿಯಲ್ಲಿ ನೋಡಿದಳು.

“ಇದು ನಂದಲ್ಲ. ಕಂಪ್ಯೂಟರಲ್ಲಿ ಸುಮ್ಮನೆ ವಾಲಿಸಿದ್ರೆ ತಿರುವುಗಳು ಊದ್ಕೊಳ್ತವೆ. ಇಲ್ಲಿ ಪ್ರತಿಯೊಂದನ್ನೂ ಕಣ್ಣಳತೇಲಿ ತಿದ್ದಿದಾರೆ. ನನಗಿಂತ ಚೆನ್ನಾಗಿ,” ಎಂದು ಮುಖ ಸಣ್ಣ ಮಾಡಿದಳು.

“ನಾವು ಹುಡುಕ್ತಿರೋದು ಕಳ್ಳನ್ನಲ್ಲ ಮೇಡಂ, ಮೇಷ್ಟ್ರನ್ನ,” ಎಂದ, ಠಾಣೆಯವರೆಲ್ಲ ಮೀಸೆ ಎಂದೇ ಕರೆಯುವ ಕಾನ್‌ಸ್ಟೇಬಲ್.

“ನಿನ್ನ ತಲೆ. ಜೀಪ್ ತೆಗಿ.”

ಮಧ್ಯಾಹ್ನ ಮೂರಕ್ಕೆ ಡಿಪೋದ ಒಂಬತ್ತು ಜನರನ್ನು ಸಾಲಾಗಿ ನಿಲ್ಲಿಸಿ ಕೇಳಿದ್ದಾಯಿತು. ಯಾರೂ ಕಂಡಿಲ್ಲ, ಯಾರೂ ಕೇಳಿಲ್ಲ. ಇನ್‌ಸ್ಪೆಕ್ಟರಮ್ಮನ ತಾಳ್ಮೆಯ ಕಟ್ಟೆಯೊಡೆಯಿತು.

“ಯಾವ ಕಡೆ ವಾಲಿದ್ರೇನ್ರೀ? ಎಲ್ಲಾ ಕಿತ್ತು ಮೊದಲಿನ ಹಾಗೇ ಅಂಟಿಸ್ಬಿಡಿ!”

ಎಂಟು ಜನ ತಲೆಯಾಡಿಸಿದರು. ಟೈರ್ ಉಗ್ರಾಣದ ಮುದುಕನಿಗೆ ಮಾತ್ರ ತಡೆಯಲಾಗಲಿಲ್ಲ.

“ಏನಮ್ಮಾ ಹಾಗಂತೀರಿ! ಬಲಮಗ್ಗುಲಿಂದ ನೋಡಿ, ಅಕ್ಷರ ಗಾಡಿ ಜೊತೆ ಮುಂದಕ್ಕೆ ಓಡ್ತದೆ. ಎಡಮಗ್ಗುಲಿಗೆ ಬನ್ನಿ, ಗಾಡಿ ಮುಂದಕ್ಕೆ, ಅಕ್ಷರ ಹಿಂದಕ್ಕೆ! ಜೀವ ಹೊತ್ಕೊಂಡು ಓಡೋ ಗಾಡಿ ಅದು!”

ಇನ್‌ಸ್ಪೆಕ್ಟರಮ್ಮ ಸಾಲು ದಾಟಿ ಮುದುಕನ ಎದುರಿಗೆ ಬಂದು ನಿಂತರು.

“ಅಜ್ಜಾ, ಮುಂಚೆ ಏನ್ ಕೆಲಸ ಮಾಡ್ತಿದ್ರಿ?”

“ಇವಕ್ಕೆಲ್ಲ ಬ್ರಷ್ಷಲ್ಲಿ ಅಕ್ಷರ ಬರೀತಿದ್ದೆ. ಸ್ಟಿಕ್ಕರ್ ಬಂದ್ಮೇಲೆ ಟೈರ್ ಕಾಯ್ತೀನಿ.”

ಮೂರೂ ನಲವತ್ತಕ್ಕೆ ಉಗ್ರಾಣದಲ್ಲಿ ಪಂಚನಾಮೆ ನಡೆಯಿತು: ಬ್ಲೇಡು, ಕೆಂಪು ಸ್ಟಿಕ್ಕರ್ ಸುರುಳಿ, ಪೆನ್ಸಿಲಿನಲ್ಲಿ ಬರೆದ ಅಕ್ಷರಗಳ ಹನ್ನೊಂದು ಹಾಳೆ. ನಾಲ್ಕೂ ಹತ್ತಕ್ಕೆ ಬಂಧನ.

“ತೊಳೆಯೋಳ ಕೆಲಸ ಹೋಗಿದ್ದು ಗೊತ್ತಿರಲಿಲ್ವಾ?”

ಮುದುಕ ತಲೆ ಎತ್ತಲಿಲ್ಲ. “ಗೊತ್ತಿತ್ತು. ಒಂದೇ ಗಾಡಿ ಉಳಿದಿತ್ತು. ಮುಗಿಸಿ ನಾನೇ ಬಂದು ಹೇಳೋನಿದ್ದೆ.”

ಹೋದ ವರ್ಷ ಅವನ ಹೆಂಡತಿಯನ್ನು ಇದೇ ಗಾಡಿಗಳಲ್ಲೊಂದು ಕರೆದೊಯ್ದಿತ್ತು. ಸ್ಟ್ರೆಚರ್ ಎಡಮಗ್ಗುಲಿನಲ್ಲಿ ಹಾದುಹೋಗುವಾಗ ಅವಳು ನಕ್ಕಿದ್ದಳು: “ಇದೇನ್ರೀ, ನಿಮ್ಮ ಗಾಡಿಯ ಅಕ್ಷರ ಮನೆ ಕಡೆಗೇ ವಾಪಸ್ ಹೊರಟಿದೆ.” ಅದೇ ಅವಳ ಕೊನೆಯ ಮಾತು. ಇನ್‌ಸ್ಪೆಕ್ಟರಮ್ಮ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡು, ಮತ್ತೊಂದು ಪ್ರಶ್ನೆ ಕೇಳದೆ ಸಹಿ ಹಾಕಿಸಿಕೊಂಡರು.

ಐದೂವರೆಗೆ, ಮೀಸೆ ಎದುರಿಗೆ ನಿಂತ ಮೇಲೆ, ಗಾಡಿ ತೊಳೆಯುವವಳನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳುವ ಆದೇಶಕ್ಕೆ ಮ್ಯಾನೇಜರ್ ಗೊಣಗುತ್ತಲೇ ಸಹಿ ಹಾಕಿದ.

“ನಾಳೆಯಿಂದಾನಾ ಮೇಡಂ?” ಗಾಡಿ ತೊಳೆಯುವವಳು ಕೇಳಿದಳು.

“ಈಗಿಂದಾನೇ.”

“ಆ ಅಜ್ಜನ್ನ ಬಿಡ್ತೀರಾ?”

“ಜಾಮೀನು ಸಿಗತ್ತೆ.”

“ಬರ್ಲಿ, ನಾಲ್ಕು ಬೈಯೋದಿದೆ,” ಎಂದವಳೇ ಶೆಡ್ಡಿನೊಳಗೆ ಹೋಗಿ ನಲ್ಲಿ ತಿರುಗಿಸಿದಳು.